ಬ್ಲಾಕ್ ಕರಗುತ್ತೆ ಅಂತ ನಾನೂ ಮೂರು ತಿಂಗಳು ಮತ್ತಿ ಚಕ್ಕೆ ಕಷಾಯ ಕುಡಿದೆ
ನಿಮ್ಮ ತಂದೆಯವರಿಗೆ ಹೃದಯದ ರಕ್ತನಾಳದಲ್ಲಿ ಎರಡು ಬ್ಲಾಕ್ ಇದೆ, ಡಾಕ್ಟರ್ ಸ್ಟೆಂಟ್ (ನಾಳ ಅಗಲಿಸಿ ಹಿಡಿಯೋ ಸಣ್ಣ ಜಾಲರಿ ಕೊಳವೆ) ಹಾಕಿಸಿ ಅಂತಾರೆ, ನೆಂಟರು ಮತ್ತಿ ಚಕ್ಕೆ ಕಷಾಯದಲ್ಲೇ ಕರಗುತ್ತೆ ಅಂತಾರೆ, ಯಾರಾದರೂ ಕುಡಿದು ನೋಡಿದ್ದೀರಾ ಅಂತ ಕೇಳಿದ್ದೀರಿ. ನಾನು ಕುಡಿದಿದ್ದೇನೆ. ಮೂರು ತಿಂಗಳು, ಒಂದು ದಿನವೂ ತಪ್ಪಿಸದೆ.

ನಂದು ದಾವಣಗೆರೆ ಚೌಕಿಪೇಟೆ ಕಡೆ ಸಣ್ಣ ಕಿರಾಣಿ ಅಂಗಡಿ. ಸ್ಟಾಕ್ ಇಡೋದು ಮಹಡಿ ಮೇಲೆ, ಹದಿನೆಂಟು ಮೆಟ್ಟಿಲು. ಸಕ್ಕರೆ ಚೀಲ ಹೊತ್ತು ಹತ್ತುವಾಗ ಎದೆಗೆ ಬೆಲ್ಟ್ ಬಿಗಿದ ಹಾಗೆ ಆಗೋಕೆ ಶುರುವಾಯ್ತು. ಐದು ನಿಮಿಷ ಕೂತರೆ ಮಾಯ. ಗ್ಯಾಸ್ ಅಂದ್ಕೊಂಡು ಜೀರಿಗೆ ನೀರು ಕುಡಿದೆ. ಕೊನೆಗೆ ಆಂಜಿಯೋಗ್ರಾಂ (ಹೃದಯದ ನಾಳಗಳ ಎಕ್ಸ್‌ರೇ) ಮಾಡಿ 80 ಪರ್ಸೆಂಟ್ ಬ್ಲಾಕ್ ಅಂದರು. ಸ್ಟೆಂಟ್ ಅಂದ ಕೂಡಲೇ ನನಗೆ ಖರ್ಚಿಗಿಂತ ಭಯವೇ ಜಾಸ್ತಿ ಆಯ್ತು.

ನಮ್ಮ ಷಡ್ಡಕ ಒಬ್ಬ ನಾಟಿ ವೈದ್ಯರ ಹತ್ತಿರ ಕರ್ಕೊಂಡು ಹೋದ. ಹೊಳೆಮತ್ತಿ ಮರದ ಚಕ್ಕೆ ಪುಡಿ ಕೊಟ್ಟರು. ಅರ್ಜುನ ಅಂತಾರಲ್ಲ, ಅದೇ ಮರ. ಒಂದು ಲೋಟ ಹಾಲು, ನಾಲ್ಕು ಲೋಟ ನೀರು, ಪುಡಿ ಹಾಕಿ ನೀರೆಲ್ಲ ಇಂಗಿ ಹಾಲಷ್ಟೇ ಉಳಿಯೋ ತನಕ ಸಣ್ಣ ಉರಿಯಲ್ಲಿ ಕುದಿಸಬೇಕು. ಬೆಳಿಗ್ಗೆ ಐದಕ್ಕೇ ನಮ್ಮ ಮನೆಯವರು ಒಲೆ ಮುಂದೆ. ಹಾಲು ಇಟ್ಟಿಗೆ ಬಣ್ಣಕ್ಕೆ ತಿರುಗೋದು. ಕುಡಿದರೆ ಹಸಿ ಅಡಿಕೆ ಅಗಿದ ಹಾಗೆ ಬಾಯೆಲ್ಲ ಒಗರು.

ಜೊತೆಗೆ ಪಥ್ಯ. ಬೆಣ್ಣೆದೋಸೆ ಬಂದ್, ಮಂಡಕ್ಕಿ ಜೊತೆಗಿನ ಮಿರ್ಚಿ ಬಂದ್. ಭಾರ ಎತ್ತೋ ಹಾಗಿಲ್ಲ. ಕುಂದವಾಡ ಕೆರೆ ಹತ್ತಿರ ನಿಧಾನವಾಗಿ ನಡೀಬೇಕು. ಇಲ್ಲೀವರೆಗೆ ತಕರಾರಿಲ್ಲ. ಆದರೆ "ಇಂಗ್ಲಿಷ್ ಮಾತ್ರೆ ಉಷ್ಣ, ನಿಲ್ಲಿಸಿ" ಅಂದರು. ನಾನೂ ಸುಮ್ನೆ ನಿಲ್ಲಿಸಿಬಿಟ್ಟೆ, ಆಸ್ಪಿರಿನ್ ಸಮೇತ.

ಹದಿನೈದೇ ದಿನಕ್ಕೆ ನೋವು ಹೋಯ್ತು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಕಷಾಯದ ಗುಣಗಾನ ಮಾಡಿದ್ದೇ ಮಾಡಿದ್ದು. ಈಗ ನೆನೆಸ್ಕೊಂಡರೆ ನಾಚಿಕೆ ಆಗುತ್ತೆ.

ಒಂದು ದಿನ ಅಂಗಡಿ ಹುಡುಗ ರಜೆ ಹಾಕಿದ. ಹೇಗೂ ವಾಸಿಯಾಗಿದೆಯಲ್ಲ ಅಂತ ನಾನೇ ಚೀಲ ಹೊತ್ತೆ. ಹತ್ತನೇ ಮೆಟ್ಟಿಲಿಗೆ ಅದೇ ಬೆಲ್ಟು. ಈ ಸಲ ಕೂತರೂ ಬಿಡಲಿಲ್ಲ. ಬನಿಯನ್ ಹಿಂಡುವಷ್ಟು ಬೆವರು. ಮಗ ಆಟೋದಲ್ಲಿ ಹಾಕ್ಕೊಂಡು ಹೋದ. ಹಾರ್ಟ್ ಅಟ್ಯಾಕ್ ಅಂದರು, ಅವತ್ತೇ ಸ್ಟೆಂಟ್ ಹಾಕಿದರು.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ನಾಳ ಕಿರಿದಾಗಿದ್ದರೂ ಸುಮ್ನೆ ಕೂತಾಗ ಹೃದಯಕ್ಕೆ ಸಾಕಾಗುವಷ್ಟು ರಕ್ತ ಹೋಗುತ್ತೆ. ಭಾರ ಎತ್ತಿದಾಗ ಸಾಲೋದಿಲ್ಲ, ಆಗ ನೋವು. ಮೂರು ತಿಂಗಳು ನಾನು ಚೀಲ ಮುಟ್ಟಿರಲೇ ಇಲ್ಲ, ನೋವು ಎಲ್ಲಿಂದ ಬರಬೇಕು? ಬ್ಲಾಕ್ ಇದ್ದಲ್ಲೇ ಇತ್ತು. ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗಲೇ ಅಟ್ಯಾಕ್ ಆಗೋದಂತೆ. ಹೆಪ್ಪುಗಟ್ಟದ ಹಾಗೆ ತಡೆಯೋಕೆ ಕೊಟ್ಟಿದ್ದ ಮಾತ್ರೆಯನ್ನೇ ನಾನು ಬಿಟ್ಟಿದ್ದೆ.

ಕಾಲಿಗೆ ಪಟ್ಟಿ ಕಟ್ಟಿ ಗಾಳಿ ತುಂಬೋ ಇಇಸಿಪಿ ಅನ್ನೋ ಚಿಕಿತ್ಸೆ ಬಗ್ಗೆಯೂ ನಿಮಗೆ ಯಾರಾದರೂ ಹೇಳಬಹುದು. ಸಾಮಾನ್ಯವಾಗಿ ದಿನಕ್ಕೊಂದು ಗಂಟೆ, ಒಟ್ಟು 35 ಸಲ. ಸ್ಟೆಂಟ್, ಬೈಪಾಸ್ ಮಾಡೋಕಾಗದೆ ನೋವು ಉಳಿದವರಿಗೆ ಹೃದಯದ ಡಾಕ್ಟರೇ ಬರೆದುಕೊಡೋದುಂಟು. ನೋವು ಕಮ್ಮಿ ಆಗಬಹುದು. ಬ್ಲಾಕ್ ಕರಗೋದಿಲ್ಲ.

ಹಾಗಂತ ಎಲ್ಲ ಬ್ಲಾಕಿಗೂ ಸ್ಟೆಂಟೇ ಬೇಕು ಅಂತಲೂ ಇಲ್ಲ. ಎಷ್ಟೋ ಜನ ಮಾತ್ರೆ, ಪಥ್ಯದಲ್ಲೇ ಚೆನ್ನಾಗಿದ್ದಾರೆ. ಅನುಮಾನ ಇದ್ದರೆ ಆಂಜಿಯೋಗ್ರಾಂ ಸಿಡಿ ತಗೊಂಡು ಇನ್ನೊಬ್ಬ ಹೃದಯದ ಡಾಕ್ಟರಿಗೆ ತೋರಿಸಿ, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಾದರೂ ಹೋಗಿ. ಕಷಾಯ ಕುಡೀತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಅಲ್ಲೀವರೆಗೆ ತಂದೆಯವರ ಮಾತ್ರೆ ಒಂದನ್ನೂ ನಿಲ್ಲಿಸಬೇಡಿ. ಕೂತಾಗಲೂ ನೋವು ಬಂದರೆ ಇಲ್ಲಿ ಬರೆದು ಕೇಳ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.