ಅವರು ಎಲ್ಲಿ ನಿಲ್ಲುತ್ತಿದ್ದರು ಅಂತ ಕೇಳಿ

ಅಗ್ನಿಶಾಮಕ ದಳದಲ್ಲಿ ದುಡಿದು ನಿವೃತ್ತರಾಗಿದ್ದ ನಿಮ್ಮ ಮಾವ ತೀರಿಕೊಂಡಿದ್ದಾರೆ. ಮನೆಯಲ್ಲಿ ಕೆಲಸದ ವಿಷಯ ಎತ್ತುತ್ತಲೇ ಇರಲಿಲ್ಲ. ಈಗ ಅವರ ಜೊತೆ ಕೆಲಸ ಮಾಡಿದವರು ಬರುತ್ತಿದ್ದಾರೆ, ಏನು ಕೇಳಿ ಬರೆದಿಟ್ಟುಕೊಳ್ಳಲಿ ಅಂತ ಕೇಳಿದ್ದೀರಿ. ನಮ್ಮಪ್ಪನೂ ಅದೇ ಕೆಲಸದಲ್ಲಿದ್ದವರು. ಅವರು ಹೋದ ಮೇಲೆ ನಾನೂ ಹೀಗೇ ಒಂದು ನೋಟ್‌ಬುಕ್ ಹಿಡಿದು ಕೂತಿದ್ದೆ. ಹಾಗಾಗಿ ಬರೆಯುತ್ತಿದ್ದೇನೆ.

"ಅವರ ಧೈರ್ಯದ ಬಗ್ಗೆ ಹೇಳಿ" ಅಂತ ಮಾತ್ರ ಶುರು ಮಾಡಬೇಡಿ. ನಾನು ಹಾಗೇ ಶುರು ಮಾಡಿದ್ದೆ. ಐದಾರು ಜನ ಬಂದಿದ್ದರು. ಎಲ್ಲರೂ "ಒಳ್ಳೆ ಮನುಷ್ಯ, ತುಂಬಾ ಧೈರ್ಯವಂತ" ಅಂದು ನೆಲ ನೋಡುತ್ತಾ ಕೂತರು. ಆಮೇಲೆ ಏನೂ ತೋಚದೆ, "ಬೆಂಕಿ ಬಿದ್ದ ಕಡೆ ಅಪ್ಪ ಎಲ್ಲಿ ನಿಲ್ಲುತ್ತಿದ್ದರು?" ಅಂತ ಕೇಳಿದೆ. "ಪಂಪ್ ಹತ್ತಿರ, ಇನ್ನೆಲ್ಲಿ!" ಅಂತ ಇಬ್ಬರು ಒಟ್ಟಿಗೇ ಹೇಳಿದರು. ಅಲ್ಲಿಂದ ಎರಡು ಗಂಟೆ ಮಾತು ನಿಲ್ಲಲಿಲ್ಲ.

ಅಪ್ಪ ಪಂಪ್ ನೋಡಿಕೊಳ್ಳುತ್ತಿದ್ದರು. ಬೆಂಕಿಯೊಳಗೆ ನುಗ್ಗುವವರಲ್ಲ, ಹೊರಗೆ ವಾಹನದ ಪಕ್ಕ ನಿಲ್ಲುವವರು. ಚಿಕ್ಕವನಿದ್ದಾಗ ಇದು ಗೊತ್ತಾಗಿ ನನಗೆ ಬೇಜಾರಾಗಿತ್ತು. ಅವತ್ತು ಅವರ ಜೊತೆಗಾರರೊಬ್ಬರು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: "ಒಳಗೆ ಹೊಗೆ. ನಮ್ಮ ಕೈ ನಮಗೇ ಕಾಣಲ್ಲ. ಹಿಡಿದಿರೋ ಪೈಪು ಗಟ್ಟಿಯಾಗಿದ್ರೆ ನಿಮ್ಮಪ್ಪ ಹೊರಗಿದ್ದಾರೆ ಅಂತ ಗೊತ್ತು. ಅಷ್ಟೇ ಸಾಕಾಗಿತ್ತು."

ಆ ಕೆಲಸ ಏನು ಅಂತ ನನಗೆ ತಿಳಿದಿದ್ದೇ ಆಗ. 4,500 ಲೀಟರ್ ಟ್ಯಾಂಕು ತುಂಬಿದೆ ಅಂದುಕೊಳ್ಳಿ. ನಿಮಿಷಕ್ಕೆ 450 ಲೀಟರ್ ಬಿಟ್ಟರೆ 10 ನಿಮಿಷಕ್ಕೆ ಖಾಲಿ. ಅಷ್ಟರೊಳಗೆ ಬೇರೆ ಕಡೆಯಿಂದ ನೀರು ತಂದು ಜೋಡಿಸಬೇಕು, ಒಳಗಿರುವವರಿಗೆ ನೀರಿನ ರಭಸ ಕಡಿಮೆಯಾಗಿದ್ದು ಗೊತ್ತಾಗಬಾರದು. ಪೈಪು 10 ಮೀಟರ್ ಮೇಲಕ್ಕೆ ಹೋದರೆ ಸುಮಾರು 1 ಬಾರ್ ಒತ್ತಡ ಆ ಎತ್ತರಕ್ಕೇ ಹೋಗಿಬಿಡುತ್ತದೆ. ಮೆಟ್ಟಿಲು ಹತ್ತುವವರ ಹಿಂದೆ ಪೈಪು ಎಷ್ಟು ಒಳಗೆ ಹೋಯಿತು ಅಂತ ನೋಡಿಕೊಂಡೇ ಅಪ್ಪ ಒತ್ತಡ ಏರಿಸುತ್ತಿದ್ದರಂತೆ. ಯಾರೂ ಕೂಗಿ ಕೇಳಬೇಕಾಗಿರಲಿಲ್ಲವಂತೆ.

ಇನ್ನೊಂದು ಹೇಳಲೇಬೇಕು. ಮನೆಯಲ್ಲಿ ನಲ್ಲಿಯನ್ನು ಪಟ್ಟಂತ ನಿಲ್ಲಿಸಿದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. "ನಿಧಾನ, ನಿಧಾನ" ಅಂತ ಒಳಗಿನಿಂದಲೇ ಕೂಗುತ್ತಿದ್ದರು. ವಯಸ್ಸಾದ ಮೇಲೆ ಅದು ಜಾಸ್ತಿಯೇ ಆಯಿತು. ಅವರ ಸ್ವಭಾವವೇ ಹಾಗೆ ಅಂತ ಬಿಟ್ಟಿದ್ದೆವು. ಅವತ್ತು ಬಂದವರ ಮುಂದೆ ಇದನ್ನು ಸುಮ್ನೆ ಹೇಳಿದೆ, ಅಷ್ಟೇ. ಅಪ್ಪನ ಕೈಕೆಳಗೆ ಪಂಪ್ ಕಲಿತ ಒಬ್ಬರು ಎದ್ದು ನಿಂತು, ಗಾಳಿಯಲ್ಲಿ ವಾಲ್ವ್ ತಿರುಗಿಸಿ ತೋರಿಸಿದರು. ಹೆಬ್ಬೆರಳು, ಎರಡು ಬೆರಳು. ಕಾಲು ಸುತ್ತು, ಒಂದು ಉಸಿರಿನಷ್ಟು ಬಿಡುವು, ಮತ್ತೆ ಕಾಲು ಸುತ್ತು. ಜೋರಾಗಿ ಹರಿಯುವ ನೀರನ್ನು ಒಮ್ಮೆಗೇ ತಡೆದರೆ ಅದು ಸುತ್ತಿಗೆಯ ಹಾಗೆ ವಾಪಸ್ ಬಡಿಯುತ್ತದೆ, ಪೈಪು ಒಡೆದೇ ಹೋಗಬಹುದು. ಒಮ್ಮೆಗೇ ಬಿಟ್ಟರೆ ತುದಿ ಹಿಡಿದವರು ಆಯ ತಪ್ಪಿ ಬೀಳಬಹುದು. ಅವರು ವಿವರಿಸುತ್ತಿದ್ದರು, ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಬಚ್ಚಲಮನೆಯಲ್ಲಿ ನಲ್ಲಿ ನಿಲ್ಲಿಸುವಾಗ ಅಪ್ಪನ ಕೈ ಹಾಗೇ ತಿರುಗುತ್ತಿತ್ತು.

ಅದಕ್ಕೇ ಹೇಳುವುದು, ನಿಮ್ಮ ಮಾವನಿಗೆ ಮನೆಯಲ್ಲಿದ್ದ ವಿಚಿತ್ರ ಅಭ್ಯಾಸಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿ. ಬಾಗಿಲು ತೆರೆಯುವ ಮುಂಚೆ ಅಂಗೈ ಬಿಟ್ಟು ಕೈಯ ಹಿಂಬದಿಯಿಂದ ಮುಟ್ಟುತ್ತಿದ್ದರಾ? ಹೊಸ ಜಾಗಕ್ಕೆ ಹೋದರೆ ಹೊರಗೆ ಹೋಗುವ ದಾರಿ ಮೊದಲು ಹುಡುಕುತ್ತಿದ್ದರಾ? ಅವನ್ನು ಒಂದೊಂದಾಗಿ ಬಂದವರ ಮುಂದಿಡಿ. ಉತ್ತರ ಅವರ ಹತ್ತಿರ ಇರುತ್ತದೆ.

ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆ ಥರ ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಯಾವುದು ಸರಿ ಅಂತ ವಾದಕ್ಕೆ ಬಿಡಬೇಡಿ. ಒಬ್ಬರು ಒಳಗಿದ್ದರು, ಇನ್ನೊಬ್ಬರು ಏಣಿಯ ಮೇಲಿದ್ದರು. ಪೂರ್ತಿ ಕಂಡವರು ಯಾರೂ ಇರುವುದಿಲ್ಲ. ಉಳಿಸಲಾಗದೆ ಹೋದವರ ವಿಷಯ ಬಂದು ಮಾತು ನಿಂತರೆ, ನೀವೂ ಸುಮ್ಮನಿರಿ. ದಯವಿಟ್ಟು ಕೆದಕಬೇಡಿ.

ಮಾವ ಕ್ಯಾನ್ಸರ್‌ನಿಂದ ಹೋದರು ಅಂತ ಬರೆದಿದ್ದೀರಿ. ಜೊತೆಯವರು ಆ ಮಾತೂ ಎತ್ತಬಹುದು. ಬೆಂಕಿ ಆರಿದ ಮೇಲೆ ಮಾಸ್ಕ್ ತೆಗೆದು ಕೆಂಡ ಕೆದಕುತ್ತಿದ್ದ ದಿನಗಳನ್ನು ನಮ್ಮಲ್ಲಿಗೆ ಬಂದವರೂ ನೆನೆಸಿಕೊಂಡರು. ಆಗಲೂ ಗಾಳಿಯಲ್ಲಿ ವಿಷ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಈ ಕೆಲಸವನ್ನೇ ಕ್ಯಾನ್ಸರ್ ತರುವಂಥದ್ದು ಅಂತ ವರ್ಗೀಕರಿಸಿದೆ. ನಿಮ್ಮ ಮಾವನ ಕಾಯಿಲೆಗೆ ಅದೇ ಕಾರಣ ಅಂತ ಅದರಿಂದ ಹೇಳಲಾಗದು. ಆದರೆ ಆ ಮಾತು ಬಂದರೆ ತಡೆಯಬೇಡಿ, ಅವರಿಗೆ ತಮ್ಮ ಬಗ್ಗೆಯೂ ಭಯ ಇರುತ್ತದೆ.

ಬಂದವರೆಲ್ಲರಿಗೂ ನಿಮ್ಮ ಫೋನ್ ನಂಬರ್ ಕೊಟ್ಟು ಕಳಿಸಿ. ಅವತ್ತು ನಮ್ಮಲ್ಲಿ ಒಬ್ಬರು ಬಾಯೇ ಬಿಟ್ಟಿರಲಿಲ್ಲ. ಎರಡು ವಾರ ಬಿಟ್ಟು ರಾತ್ರಿ ಫೋನ್ ಮಾಡಿದರು. ನೀರು ಸಾಲದೆ ಬಂದರೆ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದಾಗುತ್ತದಂತೆ. ಒತ್ತಡ ತೋರಿಸುವ ಗೇಜ್ ನೋಡುವ ಮುಂಚೆ ಆ ಸದ್ದು ಹಿಡಿಯಬೇಕು ಅಂತ ಅಪ್ಪ ಅವರನ್ನು ಕಣ್ಣು ಮುಚ್ಚಿ ನಿಲ್ಲಿಸಿ, ಅವರ ಕೈಯನ್ನು ಪಂಪಿನ ಮೇಲೆ ಇಟ್ಟು ಕಲಿಸಿದ್ದರಂತೆ. "ಅಷ್ಟು ಜನರ ಮುಂದೆ ಹೇಳಕ್ಕಾಗಲಿಲ್ಲಪ್ಪ" ಅಂದರು. ನೋಟ್‌ಬುಕ್‌ನ ಕೊನೆಯ ಎರಡು ಪುಟ ಅವರು ಹೇಳಿದ್ದೇ.