ಹೋರ್ಡಿಂಗ್ ನೋಡಿ ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ, ಇಂಥ ಚಿತ್ರ ತಡೆಯಲು ಆಗುವುದಿಲ್ಲವೇ?

ಓದುಗರ ಪ್ರಶ್ನೆಗಳಿಗೆ ಗ್ರಾಹಕ ಕಾನೂನು ತಜ್ಞೆಯ ಉತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಸುರತ್ಕಲ್. ಮಗಳು ಮಂಗಳೂರಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಅವಳು ದಿನಾ ಬಸ್ಸಿನಲ್ಲಿ ಹೋಗುವ ದಾರಿಯಲ್ಲಿ ತೂಕ ಇಳಿಸುವ ಸೆಂಟರಿನ ದೊಡ್ಡ ಹೋರ್ಡಿಂಗ್ ಇದೆ. ಎಡಗಡೆ ದಪ್ಪ ಹುಡುಗಿ ತಲೆ ತಗ್ಗಿಸಿ ನಿಂತಿದ್ದಾಳೆ. ಬಲಗಡೆ ಅದೇ ಹುಡುಗಿ ತೆಳ್ಳಗಾಗಿ ನಗುತ್ತಿದ್ದಾಳೆ. ‘ಹೀಗೇ ಮದುವೆ ಮನೆಗೆ ಹೋಗ್ತೀರಾ?’ ಅಂತ ಬರೆದಿದ್ದಾರೆ. ಒಂದು ತಿಂಗಳಿಂದ ಮಗಳು ರಾತ್ರಿ ಅನ್ನ ಮುಟ್ಟುತ್ತಿಲ್ಲ. ಲಂಡನ್‌ನಲ್ಲಿ ಇಂಥ ಚಿತ್ರಗಳನ್ನು ನಿಷೇಧಿಸಿದ್ದಾರಂತೆ. ಇಲ್ಲಿ ಯಾಕೆ ಆಗುವುದಿಲ್ಲ? ದೊಡ್ಡ ಮಗ ‘ಅದು ಅವರ ವಾಕ್ ಸ್ವಾತಂತ್ರ್ಯ’ ಅನ್ನುತ್ತಾನೆ.

ಉತ್ತರ: ಕಾನೂನಿನ ಮಾತು ಆಮೇಲೆ. ಮೊದಲು ಮಗಳ ವಿಷಯ. ಒಂದು ತಿಂಗಳು ರಾತ್ರಿ ಊಟ ಬಿಟ್ಟಿದ್ದಾಳೆ ಅಂದರೆ ಅದನ್ನು ಹಟ ಎಂದು ತಳ್ಳಿಹಾಕಬೇಡಿ. ತಲೆ ಸುತ್ತು, ಮುಟ್ಟಿನಲ್ಲಿ ಏರುಪೇರು, ಮತ್ತೆ ಮತ್ತೆ ತೂಕ ನೋಡುವುದು, ಊಟದ ಹೊತ್ತಿಗೆ ಏನಾದರೂ ನೆಪ ಹೇಳುವುದು ಇದ್ದರೆ ಈ ವಾರವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ಮಾತು. ‘ಎಂತ ಮಾರಾಯ್ತಿ, ತೋರ ಆಗಿದ್ದಿ’ ಎಂದು ನೆಂಟರು ನಗುತ್ತಾ ಹೇಳುವುದನ್ನೂ ಸ್ವಲ್ಪ ದಿನ ನೀವೇ ತಡೆಯಿರಿ. ದಾರಿಯಲ್ಲಿ ಹೋರ್ಡಿಂಗ್ ಹೇಳಿದ್ದನ್ನು ಮನೆಯಲ್ಲೂ ಕೇಳಿದರೆ ಮಗು ಅದನ್ನೇ ನಿಜ ಅಂದುಕೊಳ್ಳುತ್ತದೆ.

ಈಗ ಲಂಡನ್ ಕತೆ. 2015ರಲ್ಲಿ ಅಲ್ಲಿನ ಸುರಂಗ ರೈಲು ನಿಲ್ದಾಣಗಳಲ್ಲಿ ಒಂದು ಹಳದಿ ಪೋಸ್ಟರ್ ಬಂತು. ಬಿಕಿನಿ ಹಾಕಿದ ತೆಳ್ಳನೆಯ ಮಾಡೆಲ್, ಪಕ್ಕದಲ್ಲಿ ‘ನಿಮ್ಮ ದೇಹ ಬೀಚಿಗೆ ತಯಾರಾಗಿದೆಯಾ?’ ಎಂಬ ಪ್ರಶ್ನೆ. ತೂಕ ಇಳಿಸುವ ಪೌಡರಿನ ಜಾಹೀರಾತು ಅದು. ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಅದನ್ನು ತೆಗೆಯಿರಿ ಎಂದು ಸಹಿ ಹಾಕಿದರು. ಆದರೆ ಅಲ್ಲಿನ ಜಾಹೀರಾತು ಮಾನದಂಡ ಸಂಸ್ಥೆ, ಈ ಚಿತ್ರ ಅವಮಾನಕಾರಿ ಅಲ್ಲ ಎಂದೇ ತೀರ್ಮಾನಿಸಿತು. ಆ ಸಂಸ್ಥೆ ಆಕ್ಷೇಪಿಸಿದ್ದು ತೂಕ ಇಳಿಯುತ್ತದೆ ಎಂಬ ಮಾತಿಗೆ. 2016ರಲ್ಲಿ ಹೊಸದಾಗಿ ಮೇಯರ್ ಆದ ಸಾದಿಕ್ ಖಾನ್ ಬೇರೆ ದಾರಿ ಹಿಡಿದರು. ಹೆಣ್ಣುಮಕ್ಕಳ ತಂದೆಯಾಗಿ ತನಗೆ ಇದು ಚಿಂತೆಯ ವಿಷಯ ಎಂದರು. ತಮ್ಮ ದೇಹದ ಬಗ್ಗೆ ಜನರಿಗೆ ಕೀಳರಿಮೆ ಹುಟ್ಟಿಸುವ ಜಾಹೀರಾತುಗಳಿಗೆ ನಗರದ ಬಸ್ಸು, ರೈಲುಗಳಲ್ಲಿ ಜಾಗವಿಲ್ಲ ಎಂದು ಘೋಷಿಸಿದರು.

ಇದನ್ನು ಸರಿಯಾಗಿ ಗಮನಿಸಿ. ಅವರು ಇಡೀ ದೇಶಕ್ಕೆ ಕಾನೂನು ಮಾಡಲಿಲ್ಲ. ಬಸ್ಸು, ರೈಲು ನಗರದ ಸಾರಿಗೆ ಸಂಸ್ಥೆಯ ಕೈಯಲ್ಲಿತ್ತು. ತನ್ನ ಗೋಡೆ ಮೇಲೆ ಏನು ಹಚ್ಚಬಾರದು ಎಂದು ಹೇಳುವ ಹಕ್ಕು ಗೋಡೆಯ ಮಾಲೀಕರಿಗೆ ಇದ್ದೇ ಇರುತ್ತದೆ ಅಲ್ವಾ? ನಮ್ಮಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಮಂಗಳೂರು, ಉಡುಪಿಯ ಹೆಚ್ಚಿನ ಸಿಟಿ ಬಸ್ಸುಗಳು ಖಾಸಗಿಯವು. ಎಷ್ಟೋ ಹೋರ್ಡಿಂಗ್‌ಗಳು ಖಾಸಗಿ ಕಟ್ಟಡದ ತಾರಸಿ ಮೇಲಿವೆ. ಆದರೂ ಪಾಲಿಕೆ, ನಗರಸಭೆಗಳು ತಮ್ಮ ಸ್ವಂತ ಜಾಗವನ್ನು ಜಾಹೀರಾತಿಗೆ ಟೆಂಡರ್ ಕೊಡುವಾಗ ‘ಮೈಕಟ್ಟು, ಮೈಬಣ್ಣ ಹಂಗಿಸುವ ಚಿತ್ರ ಇರಬಾರದು’ ಎಂಬ ಒಂದು ಷರತ್ತು ಸೇರಿಸಬಹುದು. ನಿಮ್ಮ ವಾರ್ಡಿನಲ್ಲಿ ನಾಲ್ಕು ಜನ ಸೇರಿ ಲಿಖಿತವಾಗಿ ಕೇಳಿ. ನನ್ನ ಮಟ್ಟಿಗೆ ಇದು ತುಂಬ ನ್ಯಾಯವಾದ ಬೇಡಿಕೆ. ಪತ್ರಿಕೆಯಾದರೆ ಪುಟ ತಿರುಗಿಸಬಹುದು, ಟಿವಿಯಾದರೆ ಚಾನೆಲ್ ಬದಲಿಸಬಹುದು. ಪಂಪ್‌ವೆಲ್ ಸರ್ಕಲ್ಲಿನಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಂಡ ಬಸ್ಸಿನೊಳಗಿನ ಹುಡುಗಿ ಕಣ್ಣು ಎಲ್ಲಿ ಇಟ್ಟುಕೊಳ್ಳಬೇಕು?

ನಿಮ್ಮ ಮಗನ ಮಾತು ಪೂರ್ತಿ ತಪ್ಪಲ್ಲ. 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಾಹೀರಾತಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು ಹೇಳಿದೆ. ಆದರೆ ಮೋಸದ, ದಾರಿ ತಪ್ಪಿಸುವ ಜಾಹೀರಾತಿಗೆ ಆ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ತೆಳ್ಳಗಿನ ಮಾಡೆಲ್ ಚಿತ್ರ ಹಾಕಿದ್ದಾರೆ ಎಂಬುದಷ್ಟೇ ದೂರು ಆಗುವುದಿಲ್ಲ, ಆಗಲೂಬಾರದು. ತೆಳ್ಳಗಿರುವುದೂ ಒಂದು ಮೈಕಟ್ಟೇ. ಅವಳನ್ನು ಹಂಗಿಸುವುದೂ ತಪ್ಪೇ. ನಮ್ಮ ತಕರಾರು ಎರಡಕ್ಕೆ: ಸುಳ್ಳು ಭರವಸೆಗೆ ಮತ್ತು ಹಂಗಿಸುವ ಮಾತಿಗೆ.

ಹಂಗಿಸುವ ಮಾತಿನ ಬಗ್ಗೆ ದೂರು ಕೊಡಬೇಕಾದದ್ದು ಮುಂಬೈನ ಭಾರತೀಯ ಜಾಹೀರಾತು ಮಾನದಂಡ ಮಂಡಳಿಗೆ. ಎಲ್ಲರೂ ಅದನ್ನು ಆಸ್ಕಿ ಎನ್ನುತ್ತಾರೆ. 1985ರಲ್ಲಿ ಜಾಹೀರಾತು ಕ್ಷೇತ್ರದವರೇ ಕಟ್ಟಿಕೊಂಡ ಸಂಸ್ಥೆ, ಸರ್ಕಾರದ್ದಲ್ಲ. ಕಪ್ಪು ಮೈಬಣ್ಣದವರನ್ನು ದುಃಖಿತರು, ಸೋತವರು ಎಂಬಂತೆ ತೋರಿಸಬಾರದು ಎಂದು 2014ರಲ್ಲಿ ಫೇರ್‌ನೆಸ್ ಕ್ರೀಮುಗಳಿಗೆ ಮಾರ್ಗಸೂಚಿ ಹೊರಡಿಸಿತು. 2022ರಲ್ಲಿ ಮೈಕಟ್ಟಿನ ಕಾರಣಕ್ಕೆ ಗೇಲಿ ಮಾಡಬಾರದು ಎಂಬುದನ್ನೂ ತನ್ನ ಸಂಹಿತೆಗೆ ಸೇರಿಸಿತು. ನೀವು ಹೇಳಿದ ಹೋರ್ಡಿಂಗಿನ ಆ ತಲೆ ತಗ್ಗಿಸಿದ ಹುಡುಗಿ, ಆ ಮದುವೆ ಮನೆಯ ಸಾಲು ನೇರವಾಗಿ ಇದರೊಳಗೆ ಬರುತ್ತವೆ. ಅವರ ವೆಬ್‌ಸೈಟಿನಲ್ಲೇ ದೂರು ಕೊಡಬಹುದು.

ಸುಳ್ಳು ಭರವಸೆಗೆ ಇರುವುದು ಗಟ್ಟಿ ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಇದಕ್ಕಾಗಿ ದೆಹಲಿಗೆ ಹೋಗಬೇಕಿಲ್ಲ, ಜಿಲ್ಲಾಧಿಕಾರಿಗೇ ದೂರು ಬರೆಯಬಹುದು. ಉಡುಪಿಯವರಾದರೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಹೋದರಾಯಿತು. ವಕೀಲರು ಬೇಕಿಲ್ಲ. ಹೋರ್ಡಿಂಗಿನ ಫೋಟೊ, ನೋಡಿದ ದಿನ, ಜಾಗ, ಅದರಲ್ಲಿ ಬರೆದಿರುವ ಮಾತು ಅಕ್ಷರಶಃ ಇಷ್ಟು ಇರಲಿ. ‘ಚಿತ್ರ ನೋಡಿ ಬೇಜಾರಾಯಿತು’ ಎಂದು ಮಾತ್ರ ಬರೆದರೆ ಫೈಲು ಮುಂದೆ ಹೋಗುವುದಿಲ್ಲ. ಯಾವ ಸಾಲು, ಯಾಕೆ ತಪ್ಪು ಎಂದು ಬರೆಯಿರಿ. ಆ ಸೆಂಟರಿನವರು ಬೊಜ್ಜು ಕರಗಿಸುವ ಮಾತ್ರೆ, ಔಷಧಿ ಎಂದೂ ಜಾಹೀರಾತು ಕೊಟ್ಟಿದ್ದರೆ ಅದನ್ನು ಮರೆಯದೆ ಸೇರಿಸಿ. ಬೊಜ್ಜಿಗೆ ಮದ್ದು ಎಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ, ಜೈಲು ಶಿಕ್ಷೆಯೂ ಇದೆ.

ಪ್ರಶ್ನೆ: ಉಡುಪಿಯಲ್ಲಿ ನನ್ನದೊಂದು ಸಣ್ಣ ಜಿಮ್ ಇದೆ. ಬಂದವರ ‘ಮೊದಲು–ನಂತರ’ ಫೋಟೊ ಅವರ ಒಪ್ಪಿಗೆ ಪಡೆದೇ ಫ್ಲೆಕ್ಸಿನಲ್ಲಿ ಹಾಕುತ್ತೇನೆ. ಅದೂ ತಪ್ಪೇ?

ಉತ್ತರ: ತಪ್ಪಲ್ಲ. ನೀವು ಕೇಳಿದ್ದೇ ಸಂತೋಷ. ಒಪ್ಪಿಗೆ ಬರವಣಿಗೆಯಲ್ಲಿರಲಿ. ಫೋಟೊ ತಿದ್ದಬೇಡಿ. ಎಷ್ಟು ತಿಂಗಳಾಯಿತು ಎಂಬುದನ್ನು ನಿಜವಾಗಿ ಬರೆಯಿರಿ. ಎರಡೂ ಫೋಟೊ ಒಂದೇ ಬೆಳಕಿನಲ್ಲಿ ತೆಗೆಯಿರಿ. ‘ಮೊದಲು’ ಫೋಟೊದಲ್ಲಿ ಮಾತ್ರ ಅಳುಮುಖ ಮಾಡಿಸುವ ಕೆಲಸ ಬೇಡವೇ ಬೇಡ. ಮೇಲೆ ದೊಡ್ಡದಾಗಿ ಕನ್ನಡದಲ್ಲಿ ‘30 ದಿನದಲ್ಲಿ 10 ಕೆಜಿ’ ಎಂದು ಹಾಕಿ, ಕೆಳಗೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ‘ಎಲ್ಲರಿಗೂ ಹೀಗೇ ಆಗುವುದಿಲ್ಲ’ ಎಂದು ಬರೆಯುವ ಅಭ್ಯಾಸ ಊರೆಲ್ಲ ಇದೆ. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಮೇಲೆ ಹೇಳಿದ ಕೇಂದ್ರ ಪ್ರಾಧಿಕಾರ ಹೊರಡಿಸಿದ 2022ರ ಮಾರ್ಗಸೂಚಿ ಪ್ರಕಾರ ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಸೂಚನೆಯೂ ಅದೇ ಭಾಷೆಯಲ್ಲಿರಬೇಕು. ಮೇಲೆ ಹೇಳಿದ್ದನ್ನೇ ಕೆಳಗೆ ಅಲ್ಲಗಳೆಯುವಂತಿಲ್ಲ.

ಫ್ರಾನ್ಸಿನಲ್ಲಿ 2017ರಿಂದ, ನಾರ್ವೆಯಲ್ಲಿ 2022ರಿಂದ, ಜಾಹೀರಾತಿನಲ್ಲಿ ಮೈಕಟ್ಟು ತಿದ್ದಿದ ಫೋಟೊಗೆ ‘ತಿದ್ದಲಾಗಿದೆ’ ಎಂಬ ಗುರುತು ಹಾಕಬೇಕು. ಅಂಥ ಗುರುತು ನೋಡಿದ ಮಾತ್ರಕ್ಕೆ ಹುಡುಗಿಯರ ಮನಸ್ಸಿಗೆ ಆಗುವ ನೋವು ಅಷ್ಟಾಗಿ ಕಡಿಮೆಯಾಗುವುದಿಲ್ಲ ಎಂದು ಪರೀಕ್ಷಿಸಿ ನೋಡಿದ ಹಲವು ಸಂಶೋಧಕರು ಹೇಳಿದ್ದಾರೆ. ಹಾಗಾಗಿ ತಿದ್ದಿ ಗುರುತು ಹಾಕುವುದಕ್ಕಿಂತ ತಿದ್ದದೇ ಇರುವುದು ಒಳ್ಳೆಯದು.

ಪ್ರಶ್ನೆ: ಮಗ ಮೂರನೇ ಕ್ಲಾಸ್. ಎತ್ತರ ಬೆಳೆಸುವ ಪೌಡರಿನ ಜಾಹೀರಾತು ನೋಡಿ ‘ನಾನು ಗಿಡ್ಡ’ ಎಂದು ಅಳುತ್ತಾನೆ. ಯಾರಿಗೆ ಹೇಳಲಿ? (ಕುಂದಾಪುರದ ಓದುಗರು)

ಉತ್ತರ: 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮಕ್ಕಳಲ್ಲಿ ತಮ್ಮ ದೇಹದ ಬಗ್ಗೆ ಕೀಳು ಭಾವನೆ ಬೆಳೆಸುವ ಜಾಹೀರಾತು ಕೊಡಬಾರದು ಎಂದು ಅದೇ 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಚಾನೆಲ್ ಹೆಸರು, ಬಂದ ಸಮಯ ಗುರುತು ಹಾಕಿಕೊಳ್ಳಿ. ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದಿಟ್ಟುಕೊಳ್ಳಿ. ದೂರು ಸಂಖ್ಯೆ ಕೊಡುತ್ತಾರೆ, ಅದನ್ನು ಜೋಪಾನವಾಗಿಡಿ. ಮಗನಿಗೆ ಅವನ ಅಜ್ಜ, ಮಾವಂದಿರು ಅವನ ವಯಸ್ಸಿನಲ್ಲಿದ್ದಾಗಿನ ಶಾಲೆಯ ಗ್ರೂಪ್ ಫೋಟೊ ಮನೆಯಲ್ಲಿದ್ದರೆ ತೋರಿಸಿ. ಮುಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆ ಎಂದು ಅವನೇ ಹುಡುಕಲಿ.