ಹೊಸ ಲೆಪರ್ಡ್ ಗೆಕ್ಕೋ ತಿನ್ನುತ್ತಿಲ್ಲವೇ? ಮೊದಲು ಅದನ್ನು ಸುಮ್ನೆ ಬಿಡಿ

ವಿಜಯಪುರದ ನನ್ನ ಕ್ಲಿನಿಕ್‌ಗೆ ಬರುವುದು ಹೆಚ್ಚಾಗಿ ಎಮ್ಮೆ, ಆಡು, ಖಿಲಾರಿ ಎತ್ತು, ಮುಧೋಳ ನಾಯಿ. ಈಗೀಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಲೆಪರ್ಡ್ ಗೆಕ್ಕೋ ಅನ್ನುವ ಸಾಕು ಹಲ್ಲಿ ಹಿಡಿದುಕೊಂಡು ಬರುವವರೂ ಇದ್ದಾರೆ. ಬಂದವರೆಲ್ಲ ಕೇಳುವುದು ಒಂದೇ ಮಾತು. ಪತ್ರ ಬರೆಯುವವರದ್ದೂ ಅದೇ. ಅದಕ್ಕೇ ಈ ಸಲ ಆ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಮಗನ ಹುಟ್ಟುಹಬ್ಬಕ್ಕೆ ಲೆಪರ್ಡ್ ಗೆಕ್ಕೋ ತಂದು ಐದು ದಿನ ಆಯ್ತು. ಒಂದು ಹುಳವನ್ನೂ ಮುಟ್ಟಿಲ್ಲ. ಹಗಲೆಲ್ಲ ಮೂಲೆಯಲ್ಲಿ ಬಿದ್ದಿರುತ್ತದೆ. ಬಾಯಿ ತೆರೆದು ತಿನ್ನಿಸಿ ಅಂತ ಅಂಗಡಿಯವರು ಹೇಳಿದ್ದಾರೆ. ಏನು ಮಾಡಲಿ? (ಜಮಖಂಡಿಯ ಗೃಹಿಣಿ)

ಉತ್ತರ: ಬಾಯಿ ತೆರೆಯುವ ಕೆಲಸ ಮಾತ್ರ ಮಾಡಬೇಡಿ ಅಕ್ಕಾ. ಅದರ ದವಡೆ ಬಹಳ ಸೂಕ್ಷ್ಮ. ಒತ್ತಿ ತೆರೆದರೆ ಮುರಿಯಬಹುದು. ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಮಾರಿದವರು ಹೇಳಿದರು ಅಂತ ಹೀಗೆ ಮಾಡಿ, ಆಮೇಲೆ ನನ್ನ ಹತ್ತಿರ ಓಡಿ ಬಂದವರನ್ನು ನೋಡಿ ಸಾಕಾಗಿದೆ.

ಐದು ದಿನ ತಿನ್ನಲಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಅಂತ ಅಲ್ಲ. ಅದರ ಬಾಲ ನೋಡಿ. ಒಂಟೆಗೆ ಡುಬ್ಬ ಹೇಗೋ ಇದಕ್ಕೆ ಬಾಲ ಹಾಗೆ. ಕೊಬ್ಬೆಲ್ಲ ಅಲ್ಲಿ ಕೂಡಿಟ್ಟಿರುತ್ತದೆ. ಬಾಲ ಕುತ್ತಿಗೆಯಷ್ಟು ದಪ್ಪ ಇದ್ದರೆ, ಬೆಳೆದ ಹಲ್ಲಿ ಎರಡು ವಾರ ಉಪವಾಸ ಇದ್ದರೂ ತಡೆದುಕೊಳ್ಳುತ್ತದೆ. ಮರಿಗೆ ಅಷ್ಟು ಕಸುವಿಲ್ಲ. ಮರಿಯಾಗಿದ್ದರೆ ಒಂದು ವಾರ ದಾಟಿಸಬೇಡಿ, ತಂದು ತೋರಿಸಿ.

ಸಂತೆಯಿಂದ ತಂದ ಎಮ್ಮೆ ಎರಡು ದಿನ ಮೇವು ಸರಿಯಾಗಿ ತಿನ್ನಲ್ಲ, ಹಾಲೂ ಇಳಿಸಲ್ಲ. ನಮ್ಮ ರೈತರು ಅದಕ್ಕೆ ಗಾಬರಿಯಾಗಲ್ಲ. ಹೊಸ ಜಾಗ, ಹೊಂದಿಕೊಳ್ಳಲಿ ಅಂತ ಬಿಡುತ್ತಾರೆ. ಅಂಗೈ ಉದ್ದದ ಈ ಪ್ರಾಣಿ ಡಬ್ಬಿಯಲ್ಲಿ ಕೂತು ರಾತ್ರಿ ಬಸ್ಸಲ್ಲಿ ಕುಲುಕಾಡಿಕೊಂಡು ಬಂದಿರುತ್ತದೆ. ಬಂದ ಕೂಡಲೇ ಓಣಿಯ ಮಕ್ಕಳೆಲ್ಲ ಗಾಜು ತಟ್ಟಿದರೆ ಅದು ತಿನ್ನುತ್ತದಾ?

ಹಲ್ಲಿ ಇಟ್ಟ ಗಾಜಿನ ಟ್ಯಾಂಕಿನ ಮೂರು ಬದಿಗೆ ಹೊರಗಿನಿಂದ ಪೇಪರ್ ಅಂಟಿಸಿ. ಕನಿಷ್ಠ ಎರಡು ವಾರ ಯಾರೂ ಕೈಯಲ್ಲಿ ಹಿಡಿಯಬಾರದು. ನಿಮ್ಮ ಮಗ ಕೂಡ. ದಿನಾ ನೀರು ಬದಲಿಸಿ, ಹಿಕ್ಕೆ ತೆಗೆಯಿರಿ, ಅಷ್ಟೇ. ಹಗಲು ಬಿದ್ದಿರುವುದು ಅದರ ಗುಣ, ಅದು ಏಳುವುದೇ ಸಂಜೆ. ಕತ್ತಲಾಗುವಾಗ ಸಣ್ಣ ಬಟ್ಟಲಲ್ಲಿ ಎರಡು ಮೂರು ಮೀಲ್‌ವರ್ಮ್ (ಅಂಗಡಿಯಲ್ಲಿ ಸಿಗುವ ಮೇವಿನ ಹುಳ) ಇಟ್ಟು, ದೀಪ ಆರಿಸಿ ದೂರ ಹೋಗಿ. ಹುಳ ಅದರ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ಮಿಡತೆಯಂತೆ ಜಿಗಿಯುವ ಕ್ರಿಕೆಟ್ ಹುಳ ಹಾಕಿದ್ದರೆ ಉಳಿದದ್ದನ್ನು ಬೆಳಿಗ್ಗೆ ತೆಗೆದುಬಿಡಿ, ಅವು ಮಲಗಿದ ಹಲ್ಲಿಯನ್ನೇ ಕಚ್ಚುತ್ತವೆ. ಹೊಂದಿಕೊಂಡ ಹಲ್ಲಿ ಹುಳ ಕಂಡ ಕೂಡಲೇ ತಲೆ ತಗ್ಗಿಸಿ, ಬಾಲದ ತುದಿಯನ್ನು ಸಣ್ಣಗೆ ನಡುಗಿಸುತ್ತದೆ. ಅದನ್ನು ಒಂದು ಸಲ ನೋಡಿದರೆ ನಿಮ್ಮ ಅರ್ಧ ಚಿಂತೆ ಹೋಗುತ್ತದೆ.

ಇನ್ನು ಬಿಸಿಯ ವಿಷಯ. ಜನ ಹೆಚ್ಚು ತಪ್ಪು ಮಾಡುವುದು ಇಲ್ಲೇ.

ಸಾಕಷ್ಟು ಬಿಸಿ ಸಿಗದಿದ್ದರೆ ಈ ಪ್ರಾಣಿಗೆ ತಿಂದದ್ದು ಅರಗಲ್ಲ. ಟ್ಯಾಂಕಿನ ಒಂದು ತುದಿಯಲ್ಲಿ ನೆಲದ ಬಿಸಿ ಸುಮಾರು 32 ಡಿಗ್ರಿ ಇರಬೇಕು, ಇನ್ನೊಂದು ತುದಿ 25ರ ಆಸುಪಾಸು ತಂಪಾಗಿರಬೇಕು. ಎರಡೂ ಕಡೆ ಅಡಗಲು ಗೂಡು ಬೇಕು. ಒಂದೇ ಗೂಡು ಇಟ್ಟರೆ ಹಲ್ಲಿ ಬಿಸಿ ಬೇಕಾ, ಅಡಗುವ ಜಾಗ ಬೇಕಾ ಅನ್ನುವ ಇಕ್ಕಟ್ಟಿಗೆ ಬೀಳುತ್ತದೆ. ದುಡ್ಡು ಕೊಟ್ಟು ಪ್ಲಾಸ್ಟಿಕ್ ಗುಹೆ ತರಬೇಡಿ. ಹಳೆ ಮನೆಯ ನಾಡಹೆಂಚು ಬೋರಲು ಹಾಕಿ, ಅದಕ್ಕಿಂತ ಒಳ್ಳೆ ಗೂಡಿಲ್ಲ. ಜೊತೆಗೆ ಮೊಸರಿನ ಡಬ್ಬಿಗೆ ತೂತು ಕೊರೆದು, ಅಂಚು ಉಜ್ಜಿ ನುಣುಪು ಮಾಡಿ, ಒಳಗೆ ಒದ್ದೆ ಟಿಶ್ಯೂ ಇಟ್ಟರೆ ಪೊರೆ ಬಿಡುವಾಗ ಅದರೊಳಗೆ ಹೋಗಿ ಕೂರುತ್ತದೆ.

ಟ್ಯಾಂಕಿನಡಿ ಹಾಸುವ ಕರೆಂಟಿನ ಬಿಸಿ ಹಾಸು, ಅಂದರೆ ಹೀಟ್ ಮ್ಯಾಟ್ ಹಾಕಿದರೆ, ಬಿಸಿ ಹದ ಮೀರದಂತೆ ತಾನೇ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಇರಲೇಬೇಕು. ಇಲ್ಲದಿದ್ದರೆ ಹೊಟ್ಟೆ ಸುಟ್ಟುಹೋಗುತ್ತದೆ. ಕರೆಂಟಿನ ಬಿಸಿ ಕಲ್ಲು ಅಂತ ಮಾರುತ್ತಾರಲ್ಲ, ಅದನ್ನು ಮನೆಗೇ ತರಬೇಡಿ.

ಆದರೆ ಅಂತರ್ಜಾಲದಲ್ಲಿ ಬಿಸಿಯ ಬಗ್ಗೆ ಬರೆಯುವ ಹೆಚ್ಚಿನವರು ಚಳಿ ದೇಶದವರು. ಅವರ ಚಿಂತೆ ಬಿಸಿ ಸಾಲಲ್ಲ ಅಂತ. ನಮ್ಮ ಏಪ್ರಿಲ್, ಮೇ ಅವರಿಗೆ ಗೊತ್ತಿಲ್ಲ. ಒಂದು ಮೇ ತಿಂಗಳು ಇಂಡಿ ಕಡೆಯಿಂದ ಅಪ್ಪ, ಮಗಳು ಬಂದಿದ್ದರು. ಹುಡುಗಿ ಟವೆಲಿನಲ್ಲಿ ಹಲ್ಲಿ ಸುತ್ತಿಕೊಂಡಿದ್ದಳು. ಬಿಚ್ಚಿ ನೋಡಿದೆ, ಮೈ ಇನ್ನೂ ಬಿಸಿಯಿತ್ತು, ಜೀವ ಇರಲಿಲ್ಲ. ಟ್ಯಾಂಕ್ ಇಟ್ಟಿದ್ದು ಆರ್‌ಸಿಸಿ ಮನೆಯ ಮೇಲಿನ ಕೋಣೆಯಲ್ಲಿ, ಸ್ಲ್ಯಾಬಿನ ಕೆಳಗೆ. ಹೊರಗೆ 41 ಡಿಗ್ರಿ. ಯಾರೋ ವಿಡಿಯೋದಲ್ಲಿ ಹೇಳಿದ್ದಾರೆ ಅಂತ ಮ್ಯಾಟ್ ಹಗಲು ರಾತ್ರಿ ಉರಿಯುತ್ತಿತ್ತು. ಅವರು ಪ್ರೀತಿಯಿಂದಲೇ ಮಾಡಿದ್ದರು. ಆ ಹುಡುಗಿ ಅಳುತ್ತಾ ಹೋದದ್ದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಇವುಗಳ ಮೂಲ ನೆಲೆ ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯವ್ಯ ಭಾಗ. ಅಲ್ಲೂ ಬಿಸಿಲು ಜಾಸ್ತಿ, ನಿಜ. ಆದರೆ ಹಗಲು ಅವು ಬಿಸಿಲಲ್ಲಿ ಇರಲ್ಲ, ಕಲ್ಲಿನ ಸಂದಿ ಮತ್ತು ಬಿಲದ ಆಳದಲ್ಲಿ ಇರುತ್ತವೆ. ಜೋಳ ಹಾಕಿಡುವ ಹಗೇವಿಗೆ ಇಳಿದವರಿಗೆ ಆ ತಂಪು ಗೊತ್ತು. ಗಾಜಿನ ಟ್ಯಾಂಕಿಗೆ ಅಂಥ ಆಳ ಇಲ್ಲವಲ್ಲ. ಹಾಗಾಗಿ ಬೇಸಿಗೆಯಲ್ಲಿ ಟ್ಯಾಂಕನ್ನು ಕೆಳಗಿನ ಮನೆಯ ನಡುಕೋಣೆಯಲ್ಲಿ ಇಡಿ. ಕೋಣೆಯೇ 32 ದಾಟಿದರೆ ಮ್ಯಾಟ್ ಪೂರ್ತಿ ಆಫ್ ಮಾಡಿ. ತಂಪಿನ ತುದಿಯ ಹೊರಗೆ ಒದ್ದೆ ಗೋಣಿಚೀಲ ಇಳಿಬಿಟ್ಟು ಫ್ಯಾನ್ ಹಾಕಿ. ಉದ್ದ ತಂತಿಯಿರುವ ಡಿಜಿಟಲ್ ಥರ್ಮಾಮೀಟರ್ ತಂದು, ಅದರ ತಂತಿಯನ್ನು ತಂಪಿನ ಕಡೆಯ ಹೆಂಚಿನ ಕೆಳಗೆ ತೂರಿಸಿ ದಿನಾ ಮಧ್ಯಾಹ್ನ ಮೂರಕ್ಕೆ ನೋಡಿ. ಅಲ್ಲಿ 34, 35 ತೋರಿಸಿದರೆ ಅಪಾಯ. ಡಿಸೆಂಬರ್ ರಾತ್ರಿಯಲ್ಲಿ ಇದಕ್ಕೆ ಉಲ್ಟಾ, ಆಗ ಮ್ಯಾಟ್ ಬೇಕು. ಕರೆಂಟ್ ಹೋದರೆ ಟ್ಯಾಂಕಿನ ಮೇಲೆ ಕಂಬಳಿ ಹೊದಿಸಿ, ಗಾಳಿಗೆ ಜಾಗ ಬಿಟ್ಟು.

ನೆಲಕ್ಕೆ ಕಿಚನ್ ಟವೆಲ್ ಸಾಕು. "ಮರುಭೂಮಿ ಪ್ರಾಣಿ, ಕೃಷ್ಣಾ ನದಿ ಮರಳು ಜಾಲಾಡಿ ಹಾಕಿದ್ದೇವೆ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಅದು ಬದುಕುವುದು ಗಟ್ಟಿ ನೆಲ, ಕಲ್ಲುಗಳ ನಡುವೆ. ಹುಳದ ಜೊತೆ ಮರಳು ನುಂಗಿದರೆ ಕರುಳು ಕಟ್ಟುತ್ತದೆ. ಟವೆಲ್ ಮೇಲೆ ಹಿಕ್ಕೆಯೂ ಚೆನ್ನಾಗಿ ಕಾಣುತ್ತದೆ. ಕಪ್ಪು ಭಾಗ ಗಟ್ಟಿ, ಜೊತೆಗೆ ಬಿಳಿ ತುಣುಕು ಇದ್ದರೆ ಸರಿಯಿದೆ.

ವಾರಕ್ಕೊಮ್ಮೆ ತೂಕ ನೋಡಿ. ಕೈಯಲ್ಲಿ ಹಿಡಿಯಬೇಕಿಲ್ಲ, ಡಬ್ಬಿಯೊಳಗೆ ತಾನೇ ನಡೆದು ಹೋಗಲಿ, ಡಬ್ಬಿ ಸಮೇತ ತೂಗಿ. ಅಕ್ಕಿ ತೂಗುವ ತಕ್ಕಡಿ ಆಗಲ್ಲ, ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ತಂದ ದಿನಕ್ಕಿಂತ ಹತ್ತರಲ್ಲಿ ಒಂದು ಭಾಗ ಇಳಿದರೆ, ಬಾಲ ಕಡ್ಡಿಯಂತಾದರೆ, ಹಿಕ್ಕೆ ನೀರಾಗಿದ್ದರೆ, ಬಾಯಿ ತೆರೆದೇ ಉಸಿರಾಡಿದರೆ ನನ್ನ ಉತ್ತರಕ್ಕೆ ಕಾಯಬೇಡಿ, ಅವತ್ತೇ ಪಶುವೈದ್ಯರ ಹತ್ತಿರ ಹೋಗಿ.

ಉಳಿದ ಪ್ರಶ್ನೆಗಳು.

ಎಲೆಗೆ ಹಚ್ಚುವ ಸುಣ್ಣವನ್ನೇ ಕ್ಯಾಲ್ಸಿಯಂ ಅಂತ ಹುಳಕ್ಕೆ ಸವರಬಹುದಾ? (ಬಾಗಲಕೋಟೆ ನವನಗರ) ಯಾರು ಹೇಳಿದರು ನಿಮಗೆ ಇದನ್ನು? ಸುಣ್ಣ ಬಾಯಿ, ಗಂಟಲು ಸುಡುತ್ತದೆ. ಸರೀಸೃಪಗಳಿಗೆ ಅಂತಲೇ ಬರುವ ಕ್ಯಾಲ್ಸಿಯಂ ಪುಡಿ ತನ್ನಿ.

ಹೊಲದ ಮಿಡತೆ ಹಾಕಬಹುದಾ? (ಗೋಕಾಕ) ಬೇಡ. ಔಷಧಿ ಹೊಡೆಯದ ತೊಗರಿ ಹೊಲ, ದ್ರಾಕ್ಷಿ ತೋಟ ನನಗೆ ತೋರಿಸಿ, ಆಮೇಲೆ ಮಾತಾಡೋಣ.

ಎರಡು ಗಂಡು ಒಟ್ಟಿಗೆ? (ಬೆಳಗಾವಿ) ಇಲ್ಲ. ಕಚ್ಚಾಡಿ ಸಾಯುತ್ತವೆ.

ಇದು ಕಚ್ಚಿದರೆ ವಿಷ ಏರುತ್ತದಾ? (ಸಿಂದಗಿ) ಇದಕ್ಕೂ ವಿಷ ಇಲ್ಲ, ನಿಮ್ಮ ಗೋಡೆಯ ಹಲ್ಲಿಗೂ ಇಲ್ಲ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು.

ಉಡದ ಮರಿ ಸಿಕ್ಕಿದೆ, ಇದೇ ರೀತಿ ಸಾಕಲಾ? (ಮುದ್ದೇಬಿಹಾಳ) ಅದು ಅಪರಾಧ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡ ಮೊದಲ ಪಟ್ಟಿಯಲ್ಲಿದೆ. ಇವತ್ತೇ ಅರಣ್ಯ ಇಲಾಖೆಗೆ ತಿಳಿಸಿ. ಸಂತೆಯಲ್ಲಿ ಕೀಲುನೋವಿಗೆ ಉಡದ ಎಣ್ಣೆ ಮಾರುವವನ ಹತ್ತಿರ ನಿಲ್ಲಲೂ ಬೇಡಿ. ಗೆಕ್ಕೋ ಕೊಳ್ಳುವವರಿಗೂ ಇದೇ ಮಾತು. "ಫಾರಿನ್ ಹಲ್ಲಿ, ಕಾನೂನು ಇಲ್ಲ" ಅನ್ನುವ ಮಾತು ನಂಬಬೇಡಿ. ಎಲ್ಲಿ ಹುಟ್ಟಿದ್ದು, ಯಾರಿಂದ ಬಂದದ್ದು ಅಂತ ಕಾಗದ ಕೇಳಿ. ಆ ಕಾಗದ ಹಿಡಿದು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಕೊಡಿ.

ಮತ್ತೊಂದು. ನನ್ನ ಹತ್ತಿರ ಬರುವವರು ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಬನ್ನಿ. ಮಧ್ಯಾಹ್ನದ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರಬೇಡಿ. ಡಬ್ಬಿಗೆ ತೂತು ಇರಲಿ, ಬಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳಿ. ಜೊತೆಗೆ ಅವತ್ತಿನ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ತನ್ನಿ. ಒಣಗಿದ್ದು ತಂದರೆ ಪರೀಕ್ಷೆಯಲ್ಲಿ ಸರಿಯಾಗಿ ಏನೂ ಕಾಣಲ್ಲ.